ಭಾವನ ನಂಚಾಕು ಪರೀಕ್ಷೆ

ನನ್ನ ಬಲ ಭುಜ ಈಗ ತಲೆ ಬಾಚಿಕೊಳ್ಳುವುದಕ್ಕೂ ಸರಿಯಾಗಿ ಏಳುವುದಿಲ್ಲ. ಬಂಗಾರಪೇಟೆಯ ಡಾಕ್ಟರು ತೋಳನ್ನು ಎತ್ತಿ, ಹಿಂದಕ್ಕೆ ತಿರುಚಿ, ನನ್ನ ಬಾಯಲ್ಲಿ ಅಮ್ಮಾ ಅನ್ನಿಸಿ, "ಏನು ಕೆಲಸ ಮಾಡ್ತಿದ್ರಿ?" ಅಂತ ಕೇಳಿದರು. "ಹಸು ಕರೀತಿದ್ದೆ ಸಾರ್" ಅಂದೆ. ಸುಳ್ಳೇನಲ್ಲ, ಆದರೆ ಹಸು ಕರೆದು ಯಾರ ಭುಜವೂ ಹೀಗೆ ಕೆಡುವುದಿಲ್ಲ. ಹನ್ನೊಂದು ವರ್ಷ ನಂಚಾಕು ಬೀಸಿದ್ದೆ ಎಂದು ಹೇಳಲು ನಾಚಿಕೆಯಾಯಿತು. ಬೀಸಿ ಏನು ಸಿಕ್ಕಿತು ಎಂದು ಮುಂದಿನ ಪ್ರಶ್ನೆ ಕೇಳಿಯಾರು ಅಂತ ಬೇಗ ಅಂಗಿ ಹಾಕಿಕೊಂಡು ಎದ್ದೆ.

ನಂಚಾಕು ಅಂದರೆ ಮೊಳಕ್ಕೆ ಸ್ವಲ್ಪ ಕಮ್ಮಿ ಉದ್ದದ ಎರಡು ಕೋಲು, ನಡುವೆ ನಾಲ್ಕು ಬೆರಳಿನಷ್ಟು ಹಗ್ಗ ಅಥವಾ ಸರಪಳಿ. ಎಪ್ಪತ್ತರ ದಶಕದ ಕೊನೆಗೆ ರಾಬರ್ಟ್‌ಸನ್‌ಪೇಟೆಯ ಟಾಕೀಸಿಗೆ ಚೈನಾ ಫೈಟಿಂಗ್ ಪಿಕ್ಚರ್‌ಗಳು ಒಂದರ ಹಿಂದೊಂದು ಬಂದವು. ಆಮೇಲೆ ಚಿನ್ನದ ಗಣಿ ಕಾರ್ಮಿಕರ ಲೈನುಮನೆಗಳಲ್ಲಿ ಪೊರಕೆ ಹಿಡಿ, ಕೊಡಲಿ ಕಾವು ಯಾವುದೂ ಉಳಿಯಲಿಲ್ಲ. ಎಲ್ಲವನ್ನೂ ಕತ್ತರಿಸಿ ಜೋಡಿಕೋಲು ಮಾಡಿದರು. ಬಂಗಾರಪೇಟೆ ರಸ್ತೆಯ ಪಕ್ಕದ ನಮ್ಮ ಹಳ್ಳಿಗೂ ಆ ಹುಚ್ಚು ಬಂತು. ನಮ್ಮ ಮನೆಯಲ್ಲಿ ಅದು ಇಬ್ಬರಿಗೆ ಹಿಡಿಯಿತು, ಒಬ್ಬ ನಾನು, ಇನ್ನೊಬ್ಬ ನನ್ನ ಅಕ್ಕನ ಗಂಡ.

ನಾನು ಕರಾಟೆ ಕ್ಲಾಸಿಗೆ ಸೇರಿದೆ. ಊರಿಗಾಂನಲ್ಲಿ ಗಣಿ ಕಂಪನಿಯ ಹಳೆಯ ಕಟ್ಟಡವೊಂದರ ದೊಡ್ಡ ಹಾಲ್, ಮೇಲೆ ತಗಡು, ಕೆಳಗೆ ಹಲಗೆಯ ನೆಲ. ಬೆಳಗಿನ ಐದೂವರೆಗೆ ಶುರು. ಮಾಸ್ಟರು ಗಣಿಯೊಳಗೆ ಕೆಲಸ ಮಾಡುವವರು, ಶಿಫ್ಟ್ ಮುಗಿಸಿ ಸ್ನಾನ ಮಾಡಿ ನೇರವಾಗಿ ಬರುತ್ತಿದ್ದರು. ಮನೆಮಾತು ತಮಿಳು, ನಮ್ಮೊಂದಿಗೆ ಅರ್ಧ ತಮಿಳು ಅರ್ಧ ಕನ್ನಡ. ನಾಲ್ಕು ಗಂಟೆಗೆ ಎದ್ದು ಎರಡು ಹಸು ಕರೆದು, ಹಾಲನ್ನು ಸೊಸೈಟಿಗೆ ಹಾಕಿ, ಆರು ಮೈಲಿ ಸೈಕಲ್ ತುಳಿದು ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಕ್ಲಾಸು ಮುಗಿಸಿ ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಆಫೀಸಿನಲ್ಲಿ ಅಟೆಂಡರ್ ಕೆಲಸ. ಅಲ್ಲಿ ಮಧ್ಯಾಹ್ನ ಫೈಲಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿ ಬೈಸಿಕೊಳ್ಳುವುದು ದಿನದ ಪಾಠ.

ಮೊದಲ ವರ್ಷ ಮಾಸ್ಟರು ನನ್ನ ಕೈಗೆ ಕೋಲು ಕೊಡಲೇ ಇಲ್ಲ. ನಿಂತುಕೊಳ್ಳುವುದನ್ನು ಕಲಿಸಿದರು. ಹಿಂದಿನ ಹಿಮ್ಮಡಿ ನೆಲ ಬಿಡಬಾರದು, ಮುಂದಿನ ಮಂಡಿ ಬೆರಳಿಗಿಂತ ಮುಂದೆ ಹೋಗಬಾರದು. ಎರಡನೆಯ ವರ್ಷ ಒಂದೇ ಒಂದು ಏಟು, ಮೇಲಿನಿಂದ ಕೆಳಕ್ಕೆ. ಛಾವಣಿಯ ತೊಲೆಗೆ ಲಾರಿ ಟೈರೊಂದನ್ನು ಕಟ್ಟಿದ್ದರು. ಹೊಡೆದರೆ ಕೋಲು ಟೈರಿಗೆ ಬಡಿದು ಎರಡು ಪಟ್ಟು ವೇಗದಲ್ಲಿ ವಾಪಸು ಬರುತ್ತದೆ. ಅದನ್ನು ಹಿಡಿದು ನಿಲ್ಲಿಸಬೇಕು. "ಸುತ್ತರದು ಯಾರಿಗಾದ್ರೂ ಬರುತ್ತಪ್ಪಾ. ನಿಲ್ಲಿಸು, ನೋಡ್ತೀನಿ" ಅನ್ನುತ್ತಿದ್ದರು. ನನ್ನ ಮೊಣಕೈಗೆ ಬಿದ್ದ ಏಟುಗಳಿಗೆ ಲೆಕ್ಕವಿಲ್ಲ.

ಭಾವನಿಗೆ ಕ್ಲಾಸಿಗೆ ಹೋಗಲು ಪುರಸೊತ್ತು ಎಲ್ಲಿತ್ತು? ಅವನು ಬಂಗಾರಪೇಟೆಯ ಮಂಡಿಯಲ್ಲಿ ಹಮಾಲಿ. ಸುಗ್ಗಿಯಲ್ಲಿ ಸುತ್ತಲ ಹಳ್ಳಿಯ ಕಣಗಳಲ್ಲಿ ರಾಗಿ ಅಳೆಯಲು ಅವನನ್ನೇ ಕರೆಯುತ್ತಿದ್ದರು. ಹಳೇ ಗುದ್ದಲಿಯ ಕಾವನ್ನು ಎರಡು ತುಂಡು ಮಾಡಿ, ಕರು ಕಟ್ಟುವ ಸರಪಳಿಯಿಂದ ಜೋಡಿಸಿಕೊಂಡಿದ್ದ. ಮಧ್ಯಾಹ್ನ ಮುದ್ದೆ ಉಂಡ ಮೇಲೆ ಖಾಲಿ ಗೋಣಿಚೀಲಗಳನ್ನು ನೆಲಕ್ಕೆ ಹಾಸಿ, ಬಿದ್ದರೂ ಕೋಲು ಸೀಳದಂತೆ ಮಾಡಿಕೊಂಡು, ತನಗೆ ತೋಚಿದ ಹಾಗೆ ಆಡುತ್ತಿದ್ದ. ಹೇಳಿಕೊಟ್ಟವರು ಯಾರೂ ಇಲ್ಲ. ಒಂದು ದಿನ ಆಫೀಸಿನ ಕೆಲಸಕ್ಕೆ ಬಂಗಾರಪೇಟೆಗೆ ಹೋದಾಗ ಮಂಡಿಯಲ್ಲಿ ಇಣುಕಿ ನೋಡಿದೆ. ಭುಜದ ಮೇಲೆ ಬಿಟ್ಟ ಕೋಲು ಕಂಕುಳ ಕೆಳಗೆ ಸಿಗುತ್ತಿತ್ತು. ಅಲ್ಲಿಂದ ಬೆನ್ನ ಹಿಂದೆ ಹೋಗಿ ಎಡಗೈಗೆ ಬರುತ್ತಿತ್ತು. ಬೆರಳುಗಳ ಮೇಲೆ ಒಂದು ಸುತ್ತು ಉರುಳಿ ಮತ್ತೆ ಬಲಗೈಗೆ. ಎಲ್ಲೂ ತಡೆಯಿಲ್ಲ. ಉಳಿದ ಹಮಾಲಿಗಳು ಬೀಡಿ ಸೇದುತ್ತ ದಿನಾ ನೋಡುವ ಸಂಗತಿಯಂತೆ ಕೂತಿದ್ದರು. ನನ್ನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು ಅಂತಲೇ ಹೇಳಬೇಕು.

ಭಾನುವಾರ ಊಟಕ್ಕೆ ಕೂತರೆ ಭಾವ ಬಾಮೈದರ ಜಗಳ ಇದೇ.

"ಏನ್ಲಾ ಬಾಮೈದ, ನಿಂತ್ಕಣಾದು ಕಲ್ಸಾಕೂ ಒಬ್ಬ ಮಾಸ್ಟ್ರು ಬೇಕೇನ್ಲಾ? ಬಂಗಾರಪೇಟೆ ಬಸ್‌ಸ್ಟ್ಯಾಂಡಾಗೆ ನಾನು ದಿನಾ ನಿಂತ್ಕಂತೀನಿ. ನಂಗ್ಯಾರೂ ಬೆಲ್ಟ್ ಕೊಟ್ಟಿಲ್ವಲ್ಲ."

"ಗಾಳೀಲಿ ತಿರುಗ್ಸೋದು ಸುಲಭ ಭಾವ. ಏನಕ್ಕಾದ್ರೂ ಒಡೆದು ನೋಡು, ವಾಪಸ್ ಬಂದು ನಿನ್ ಮೂತಿಗೇ ಬೀಳ್ತದೆ."

ಅವನು ಎದ್ದು ಹೋಗಿ ಜಗಲಿಯ ಮೇಲಿದ್ದ ಹಿಂಡಿ ಮೂಟೆಗೆ ಒಂದು ಬಿಟ್ಟ. ಕೋಲು ನೇರವಾಗಿ ಬಂದು ಹುಬ್ಬಿಗೆ ಬಡಿಯಿತು. ಅಕ್ಕ ಇಬ್ಬರಿಗೂ ಬೈದಳು. ಭಾವ ಹುಬ್ಬಿಗೆ ಅರಿಸಿನ ಒತ್ತಿಕೊಂಡು ಬಿದ್ದು ಬಿದ್ದು ನಕ್ಕ. ಮುಂದಿನ ಭಾನುವಾರದ ಹೊತ್ತಿಗೆ ಅದೇ ಮೂಟೆಗೆ ಹೊಡೆದು, ವಾಪಸು ಬರುವ ಕೋಲನ್ನು ನಿಲ್ಲಿಸದೆ, ಅದು ಬಂದ ದಾರಿಯಲ್ಲೇ ತಿರುಗಿಸಿ ಇನ್ನೊಂದು ಏಟಾಗಿ ಮಾಡುತ್ತಿದ್ದ. ನಾನು ಒಂದು ವರ್ಷ ನಿಲ್ಲಿಸಲು ಕಲಿತದ್ದನ್ನು ಅವನು ಒಂದು ವಾರದಲ್ಲಿ ನಿಲ್ಲಿಸದಿರಲು ಕಲಿತಿದ್ದ. ಯಾವುದು ಸರಿ ಎಂದು ಆಗ ನನಗೆ ಸಂಶಯವೇ ಇರಲಿಲ್ಲ. ಈಗ ಕೇಳಿದರೆ ಹೇಳಲಾರೆ.

ಹೀಗೆ ಏಳೆಂಟು ವರ್ಷ ಕಳೆದವು. ಅಷ್ಟರಲ್ಲಿ ಭಾವನ ಸೊಂಟ ಹಿಡಿಯತೊಡಗಿತ್ತು. ಮೂವತ್ತೈದರ ಗಂಡಸು ಬೆಳಿಗ್ಗೆ ಗೋಡೆ ಹಿಡಿದು ಏಳುತ್ತಿದ್ದ. ಮೂಟೆ ಹೊರುವುದು ಬಿಡಬೇಕು ಅಂತ ಸರ್ಕಾರಿ ಆಸ್ಪತ್ರೆಯಲ್ಲಿ ಹೇಳಿದ್ದರು. ಬಿಟ್ಟು ಏನು ಮಾಡುವುದು ಅಂತ ಅವರು ಹೇಳಿರಲಿಲ್ಲ. ಆಗಲೇ ಒಂದು ದಾರಿ ಕಂಡಿತು. ಆಯುಧಪೂಜೆಯ ದಿನ ಮಂಡಿಯಲ್ಲಿ ಅವನ ಆಟ ನೋಡಿದ ಒಬ್ಬ ಖಾಸಗಿ ಶಾಲೆಯ ಹೆಡ್‌ಮಾಸ್ಟರು, ಮಕ್ಕಳಿಗೆ ಡ್ರಿಲ್ಲು, ಕರಾಟೆ ಹೇಳಿಕೊಡಲು ಬಾ, ಆದರೆ ಯಾವುದಾದರೂ ಕ್ಲಾಸಿನಿಂದ ಸರ್ಟಿಫಿಕೇಟು ತಾ ಅಂದರು. ಜೂನ್ ತಿಂಗಳೊಳಗೆ ತರಬೇಕು.

ಭಾವ ನಮ್ಮ ಕ್ಲಾಸಿಗೆ ಸೇರಿದ. ಮೈದಾ ಚೀಲದ ಬಟ್ಟೆಯಲ್ಲಿ ಅಕ್ಕ ಅವನಿಗೆ ಬಿಳಿ ಡ್ರೆಸ್ ಹೊಲಿದಳು. ಎಷ್ಟು ಒಗೆದರೂ ಬೆನ್ನ ಮೇಲೆ ಮಿಲ್ಲಿನ ನೀಲಿ ಅಕ್ಷರ ಮಸುಕಾಗಿ ಕಾಣುತ್ತಿತ್ತು. ಕ್ಲಾಸಿನ ನಿಯಮದಂತೆ ಹೊಸಬರು ಹಳಬರಿಗೆ ಬಗ್ಗಿ ನಮಸ್ಕರಿಸಬೇಕು. ಹಬ್ಬದ ದಿನ ಕಾಲಿಗೆ ಬಿದ್ದು ನಾನು ಆಶೀರ್ವಾದ ಪಡೆಯುತ್ತಿದ್ದ ಭಾವ, ದಿನಾ ಬೆಳಿಗ್ಗೆ ನನ್ನ ಮುಂದೆ ಸೊಂಟ ಬಗ್ಗಿಸಿದ. ನೋವಿನಿಂದ ಮುಖ ಕಿವುಚುತ್ತಿತ್ತು. ಏಳುವಾಗ ಕಣ್ಣು ಹೊಡೆದು, "ಮನೇಗೆ ಬಾ, ತೋರಿಸ್ತೀನಿ" ಅಂತ ಪಿಸುಗುಟ್ಟುತ್ತಿದ್ದ. ಮಾಸ್ಟರಿಗೆ ಅವನೆಂದರೆ ಬಹಳ ಪ್ರೀತಿಯಾಯಿತು. ಐದು ತಿಂಗಳಿಗೇ ಪರೀಕ್ಷೆಗೆ ಕೂರಿಸಿದರು.

ಪರೀಕ್ಷೆ ಒಂದು ಭಾನುವಾರ ಬೆಳಿಗ್ಗೆ. ಹತ್ತು ಹನ್ನೆರಡು ಜನ ಹುಡುಗರು, ಬಹುಪಾಲು ಗಣಿ ಲೈನಿನವರು, ಗೋಡೆಗೆ ಒರಗಿ ಅವರ ಅಪ್ಪ ಅಮ್ಮಂದಿರು. ಮಾಸ್ಟರ ಪಕ್ಕದಲ್ಲಿ ಹಿರಿಯ ಶಿಷ್ಯನಾಗಿ ನಾನು. ನಿಂತ ರೀತಿ, ಏಟು, ತಡೆ ಎಲ್ಲಕ್ಕೂ ಮಾರ್ಕು ಬರೆಯುವ ಕೆಲಸ ನನ್ನದು. ಏಟುಗಳನ್ನು ತಾವೇ ಗಟ್ಟಿಯಾಗಿ ಎಣಿಸುತ್ತ ಹೊಡೆಯಬೇಕು, ಜಪಾನಿ ಅಂಕಿಯಲ್ಲಿ. ಭಾವ ಅದನ್ನು ಬಾಯಿಪಾಠ ಮಾಡಿದ್ದ. ಆದರೆ ಅಷ್ಟು ಜನರ ಕಣ್ಣು ಮೇಲೆ ಬಿದ್ದಾಗ ಎಲ್ಲ ಮರೆತುಹೋಯಿತೋ ಏನೋ, ಮೊದಲ ಏಟು ಬೀಸಿ, "ಲಾಭ!" ಅಂತ ಕೂಗಿದ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಬಳ್ಳಕ್ಕೆ ಯಾರೂ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. "ಲಾಭ! ಎರಡು! ಮೂರು!" ಅಂತ ಅದೇ ರಾಗದಲ್ಲಿ ಇಪ್ಪತ್ತರವರೆಗೂ ಎಣಿಸಿಬಿಟ್ಟ. ಇಡೀ ಹಾಲ್ ಗೊಳ್ಳೆಂದಿತು. ಮಾಸ್ಟರೂ ನಕ್ಕರು, ಮನಸಾರೆ. ನಾನೊಬ್ಬನೇ ನಗಲಿಲ್ಲ. ನನ್ನ ಹಳ್ಳಿ, ನನ್ನ ಮನೆ, ನನ್ನ ಬೆವರು ಎಲ್ಲವನ್ನೂ ತಂದು ಆ ಹಲಗೆಯ ಮೇಲೆ ಸುರಿದಂತಾಯಿತು.

ಆಮೇಲೆ ಅವನು ಪಾಠದ ಪಟ್ಟುಗಳನ್ನು ಮಾಡಿದ. ಕೈಯಲ್ಲಿ ಒಂದು ತಪ್ಪಿಲ್ಲ. ಹಿಂದಿನ ಹಿಮ್ಮಡಿ ಮಾತ್ರ ಮೂರು ಸಲ ನೆಲ ಬಿಟ್ಟಿತು. ಸೊಂಟ ಹಿಡಿದವನ ಹಿಮ್ಮಡಿ ಬಿಡದೆ ಇನ್ನೇನು ಮಾಡುತ್ತದೆ? ಕೊನೆಯಲ್ಲಿ ಮಾಸ್ಟರು, "ಈಗ ನಿನ್ ಇಷ್ಟದ ಹಾಗೆ ಆಡಪ್ಪಾ" ಅಂದರು. ಬೇರೆ ಯಾರಿಗೂ ಅವರು ಹಾಗೆ ಹೇಳಿರಲಿಲ್ಲ. ಭಾವ ಎರಡು ನಿಮಿಷ ಆಡಿದ. ನಗುತ್ತಿದ್ದ ಜನ ಗೋಡೆ ಬಿಟ್ಟು ಮುಂದೆ ಬಾಗಿದರು. ನಾನು ಮಾರ್ಕಿನ ಪುಸ್ತಕದ ಕಡೆ ನೋಡಿಕೊಂಡು ಕೂತೆ.

ಮಾಸ್ಟರು ನನ್ನನ್ನು ವರಾಂಡಕ್ಕೆ ಕರೆದರು. "ನಿನ್ ಮಚ್ಚಾನ್‌ಗೆ ಕೊಡೋಣ ಅಲ್ವಾ? ನೀನೇ ಸೊಲ್ಲು" ಅಂದರು. ಮಚ್ಚಾನ್ ಅಂದರೆ ಅವರ ಮಾತಿನಲ್ಲಿ ಭಾವ, ಸೊಲ್ಲು ಅಂದರೆ ಹೇಳು.

ಹೂಂ ಅಂದಿದ್ದರೆ ಆಗಿತ್ತು. ಅಕ್ಕನ ಗಂಡ ಅಂತ ಪಾಸು ಮಾಡಿದ ಎಂದು ಲೈನಿನ ಹುಡುಗರು ಆಡಿಕೊಳ್ಳುತ್ತಾರೆ, ಅದಕ್ಕೇ ಬೇಡ ಅಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಉಳಿದರ್ಧ ಇದು: ಎಂಟು ವರ್ಷ ನಾನು ನಿದ್ದೆಗೆಟ್ಟು, ಸೈಕಲ್ ತುಳಿದು, ಟೈರಿಗೆ ಬಡಿದು ಪಡೆಯದೇ ಹೋದದ್ದನ್ನು ಅವನು ಗೋಣಿಚೀಲದ ಮೇಲೆ ಊಟದ ಬಿಡುವಿನಲ್ಲಿ ಪಡೆದಿದ್ದ. ಅದನ್ನು ಸಹಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

"ಕಾಲು ಸರಿಯಿಲ್ಲ ಮಾಸ್ಟರ್. ಇನ್ನಾರು ತಿಂಗಳು ಬೇಕು" ಅಂದೆ.

ಮಾಸ್ಟರು ನನ್ನ ಮುಖವನ್ನೇ ನೋಡಿದರು. ಅವರಿಗೆ ಶಾಲೆಯ ವಿಷಯ ಗೊತ್ತಿತ್ತು, ಜೂನ್ ಎಂಬುದೂ ಗೊತ್ತಿತ್ತು. ಆದರೂ ಹಿರಿಯ ಶಿಷ್ಯನನ್ನು ಕೇಳಿದ ಮೇಲೆ ಅವನ ಮಾತು ಮೀರುವುದು ಅವರ ಪದ್ಧತಿಯಲ್ಲಿರಲಿಲ್ಲ. "ಸರಿ" ಅಂತ ಕೆಮ್ಮುತ್ತ ಒಳಗೆ ಹೋದರು. ಎಲ್ಲರ ಮುಂದೆ, ಇನ್ನಾರು ತಿಂಗಳು ಕಾಲು ತಿದ್ದಿಕೊಂಡು ಬಾ ಅಂತ ತಾವೇ ತೀರ್ಮಾನಿಸಿದಂತೆ ಹೇಳಿದರು. ಭಾವ ಮೊದಲು ಅವರಿಗೆ, ಆಮೇಲೆ ನನಗೆ ಬಗ್ಗಿ ನಮಸ್ಕಾರ ಮಾಡಿದ. ಆ ಸಲ ಕಣ್ಣು ಹೊಡೆಯಲಿಲ್ಲ.

ಶಾಲೆಯವರು ಕಾಯಲಿಲ್ಲ. ಜೂನಿನಲ್ಲಿ ಬೇರೆ ಯಾರನ್ನೋ ತೆಗೆದುಕೊಂಡರು. ಭಾವ ಇನ್ನೂ ನಾಲ್ಕು ವರ್ಷ ಮೂಟೆ ಹೊತ್ತ. ಒಂದು ದಿನ ಮಂಡಿಯಲ್ಲಿ ಮೂಟೆಯ ಸಮೇತ ಕುಸಿದು ಕೂತವನನ್ನು ಎತ್ತಿನಗಾಡಿಯಲ್ಲಿ ಮನೆಗೆ ತಂದರು. ಅಲ್ಲಿಂದ ಮುಂದೆ ಅವನು ದುಡಿಯಲಿಲ್ಲ. ಅಕ್ಕ ಇಟ್ಟಿಗೆ ಗೂಡಿಗೆ ಕೂಲಿಗೆ ಹೋಗತೊಡಗಿದಳು. ನಾನು ಕಪ್ಪು ಬೆಲ್ಟು ತೆಗೆದುಕೊಂಡೆ. ಭುಜ ಕೆಟ್ಟಿತು, ಕ್ಲಾಸು ಬಿಟ್ಟೆ. ಮಾಸ್ಟರಿಗೆ ಕೆಮ್ಮು ಜೋರಾಗಿ, ಎದೆಯೊಳಗೆ ಗಣಿಯ ದೂಳು ಕೂತು ತೀರಿಹೋದರು. ಮಣ್ಣಿಗೆ ಹೋಗಿ ಬಂದು ಅಕ್ಕನಿಗೆ ಸುದ್ದಿ ಹೇಳಿದೆ. ಅವಳು ಸೀರೆಗಂಟಿದ ಕೆಂಪು ಮಣ್ಣು ಕೊಡವುತ್ತ, "ಓದ್ನಾ? ಓಗ್ಲಿ ಬುಡು" ಅಂದಳು.

ತೊಂಬತ್ತರ ದಶಕದ ಕೊನೆಯ ಒಂದು ಮಧ್ಯಾಹ್ನ ಭಾವನ ಹತ್ತಿರ ಜಗಲಿಯ ಮೇಲೆ ಕೂತಿದ್ದೆ. ಅಕ್ಕ ಒಳಗೆ ಕಾಫಿ ಕಾಯಿಸುತ್ತಿದ್ದಳು. ಆಗ ನನಗೆ ಯಾವ ಧೈರ್ಯ ಬಂತೋ ಗೊತ್ತಿಲ್ಲ, ಅದನ್ನು ಮನಸ್ಸಿನಲ್ಲಿ ಹೊತ್ತು ಹೊತ್ತು ಸಾಕಾಗಿತ್ತು ಅಷ್ಟೇ.

"ಭಾವ, ಅವತ್ತು ಬ್ಯಾಡ ಅಂದಿದ್ದು ಮಾಸ್ಟ್ರಲ್ಲ. ನಾನು."

ಅವನು ಕಾಲು ನೀವಿಕೊಳ್ಳುತ್ತಲೇ ಇದ್ದ.

"ಗೊತ್ತು ಕಣ್ಲಾ. ವರಾಂಡಕ್ಕೆ ಓಗೋವಾಗ ಮಾಸ್ಟ್ರು ಮುಖದಾಗೆ ಕೊಡೋ ಮನಸಿತ್ತು. ಬರೋವಾಗ ಇರ್ಲಿಲ್ಲ. ಮಧ್ಯೆ ನೀನೊಬ್ನೇ ತಾನೇ ಇದ್ದಿದ್ದು?"

ಅವನು ಒಂದು ಸಲ ಒಳಗಡೆ ನೋಡಿದ. ಆಮೇಲೆ ದನಿ ತಗ್ಗಿಸಿ ಅಂದ, "ನಿಮ್ಮಕ್ಕಂಗೆ ನಾನು ಏಳಿಲ್ಲ. ನೀನೂ ಏಳ್ಬ್ಯಾಡ. ತವರು ಅಂತ ಅವ್ಳಿಗಿರೋದು ನೀನೊಬ್ನೇ."

ಅಕ್ಕ ಕಾಫಿ ಲೋಟ ಹಿಡಿದು ಹೊರಗೆ ಬಂದಳು. ಏನದು ಪಿಸಿಪಿಸಿ ಅಂತ ಕೇಳಿದಳು. ಹಳೇ ಕ್ಲಾಸಿನ ಮಾತು ಅಂದ ಭಾವ. ಅಷ್ಟು ಸಾಕಾಯಿತು ಅವಳಿಗೆ.

"ಆ ಪುಣ್ಯಾತ್ಮ ಮಾಸ್ಟ್ರು ಒಂದು ಕಾಗ್ದ ಕೊಟ್ಟಿದ್ರೆ ಅವ್ನ ಗಂಟೇನು ಓಗ್ತಿತ್ತು? ಇವ್ರ ಸೊಂಟ ಉಳೀತಿತ್ತು. ಏನಂತೀಯ, ನೀನೇ ಏಳು. ಕೊಡ್ಬೋದಿತ್ತಲ್ವ ಅವ್ನು?"

ಭಾವ ನನ್ನ ಕಡೆ ನೋಡಲಿಲ್ಲ. ಅಕ್ಕನ ಅಂಗೈ ಇಟ್ಟಿಗೆ ಹೊತ್ತು ಬಿರಿದಿತ್ತು. ಆ ಕೈಯಿಂದ ಲೋಟ ತೆಗೆದುಕೊಂಡೆ.

"ಕೊಡ್ಬೋದಿತ್ತಕ್ಕ" ಅಂದೆ.