ಮಾವನ ಅಂಗಡಿಗೆ ಬಂದ ತಂಪು

ಐವತ್ತರ ದಶಕದ ಒಂದು ಬೇಸಿಗೆ. ಆದೋನಿಯ ನಮ್ಮ ಸೋದರಮಾವನ ಜವಳಿ ಅಂಗಡಿಯಲ್ಲಿ ಅಂದು ನಾವು ಮೂವರೇ: ಮಾವ, ನಾನು, ಮದ್ರಾಸಿನಿಂದ ತಂಪಿನ ಮೆಷಿನ್ ತಂದಿದ್ದ ಏಜೆಂಟು. ಮದುವೆಯ ಗಿರಾಕಿಗಳನ್ನು ಬಿಸಿಲಿನಿಂದ ಒಳಗೆ ಸೆಳೆಯಲು ಮೆಷಿನ್ ಕೊಳ್ಳುವುದೋ, ಬಾಗಿಲಿಗೆ ನೀರು ಚಿಮುಕಿಸಿದ ಲಾವಂಚದ ತಟ್ಟಿಯೇ ಸಾಕೋ, ಸಂಜೆಯೊಳಗೆ ತೀರ್ಮಾನವಾಗಬೇಕಿತ್ತು. ತಂಪು ಹೊರಗೆ ಹೋಗಬಾರದೆಂದು ಏಜೆಂಟು ಬಾಗಿಲು ಮುಚ್ಚಿಸಿದ್ದ. ಮಧ್ಯಾಹ್ನವಾದರೂ ಒಂದು ನರಪಿಳ್ಳೆಯೂ ಬರಲಿಲ್ಲ.

ಕೊನೆಗೆ ನಂದವರಂನ ಹಳೇ ಗಿರಾಕಿ ಬಸಣ್ಣ ಬಾಗಿಲು ಸರಿಸಿ ಬಂದರು. ತಲೆಯ ರುಮಾಲು ತೆಗೆದು, ಗಲ್ಲಾಪೆಟ್ಟಿಗೆಯ ಕಡೆ ನೋಡದೆ ನನ್ನನ್ನು ಮೆಲ್ಲಗೆ ಕೇಳಿದರು:

"ಪಾಪಂ, ಸಾಹುಕಾರ್ರು ಯಾವಾಗ ಹೋದ್ರಪ?"

"ನಾ ಇಲ್ಲೇ ಕುಂತೀನಲ್ಲೋ ಬಸಣ್ಣ," ಎಂದರು ಗಲ್ಲಾಪೆಟ್ಟಿಗೆಯ ಹಿಂದಿದ್ದ ಮಾವ.

"ಮತ್ತ ಹಗಲೊತ್ತಿನಾಗ ಬಾಗ್ಲಾ ಹಾಕೈತಿ, ಒಳಗ ಐಸಿಟ್ಟಂಗ ತಣ್ಣಗೈತಿ. ಮಂದಿ ಹಾರ ತರಾಕ ಹೋಗ್ಯಾರ್ರಿ."

ಏಜೆಂಟನ ಮುಖ ಸಪ್ಪಗಾಯಿತು. ಆದರೆ ಬೆವರು ಆರಿದ ಮಾವನಿಗೆ ತಟ್ಟಿಗೆ ಮರಳಲು ಮನಸ್ಸಾಗಲಿಲ್ಲ. ಮೆಷಿನ್ನೇ ಇರಲಿ ಎಂದರು.

ಮರುದಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿ, ಹೊರಗೆ ಸನಾದಿ ಊದುವವನನ್ನು ಕೂರಿಸಿದರು. ಮಧ್ಯಾಹ್ನಕ್ಕೆ ಅಂಗಡಿ ಕಿಕ್ಕಿರಿದಿತ್ತು. ಬಂದವರೆಲ್ಲ ಊಟಕ್ಕೆ ಎಲೆ ಯಾವಾಗ ಹಾಕುತ್ತಾರೆಂದು ಕೇಳುತ್ತಿದ್ದರು.