ನೂರು ಎಣಿಸುತ್ತಿದ್ದ ಕಾಂಬಳೆ ಅಕ್ಕೋರು

ಕಾಂಬಳೆ ಅಕ್ಕೋರು ಕಾರಿನಿಂದ ಇಳಿದ ತಕ್ಷಣ ಹೊರಟುಬಿಡುವವರಲ್ಲ. ಬಾಗಿಲು ಹಾಕಿ, ಬದಿಗೆ ನಿಂತು, ಬಾನೆಟ್ಟಿನ ಮೇಲೆ ಅಂಗೈ ಊರುತ್ತಿದ್ದರು. ತುಟಿ ಸಣ್ಣಗೆ ಅಲುಗಾಡುತ್ತಿತ್ತು. ನೋಡಿದವರು ಯಾವುದೋ ಮಂತ್ರ ಎಂದುಕೊಳ್ಳಬೇಕು. ಅವರು ಎಣಿಸುತ್ತಿದ್ದರು, ಒಂದರಿಂದ ನೂರರವರೆಗೆ. ಕೂಸು ನಿದ್ದೆ ಹೋಯಿತೋ ಇಲ್ಲವೋ ಎಂದು ತೊಟ್ಟಿಲಿನ ಮೇಲೆ ಕೈಯಿಟ್ಟು ನಿಲ್ಲುತ್ತಾರಲ್ಲ, ಹಾಗೆ. ಕಾರು ಮಿಸುಕಿದರೆ ಬ್ರೇಕ್ ಮತ್ತೆ ಎಳೆದು ಒಂದರಿಂದ ಸುರು. ನೂರು ಮುಗಿದು, ಕಾರು ಮಿಸುಕಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದರು.

ಅವರು ಧಾರವಾಡದ ಒಂದು ಸರಕಾರಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ನಮ್ಮ ಕಡೆ ಹೆಂಗಸರು ಸಾಲಿ ಕಲಿಸಿದರೆ ಅಕ್ಕೋರು ಎನ್ನುವುದು ರೂಢಿ. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಹುಬ್ಬಳ್ಳಿಯ ಒಂದು ಕಾರ್ ಕಂಪನಿಯ ವರ್ಕ್‌ಶಾಪಿನಲ್ಲಿ ಮುಂದಿನ ಟೇಬಲ್ಲಿನವನು. ಗಿರಾಕಿಗಳ ತಕರಾರು ಕೇಳಿ ಜಾಬ್ ಕಾರ್ಡಿನಲ್ಲಿ ಬರೆಯುವುದು, ಸಂಜೆ ಕೀಲಿಕೈ ಕೊಟ್ಟು ಕಳಿಸುವುದು, ಇಷ್ಟೇ ಕೆಲಸ. ಆದರೆ ಇಸ್ತ್ರಿ ಮಾಡಿದ ಅಂಗಿ, ಜೇಬಿಗೆ ಎರಡು ಪೆನ್ನು. ನನ್ನನ್ನು ನಾನು ದೊಡ್ಡ ಸಾಹೇಬನೆಂದೇ ತಿಳಿದಿದ್ದೆ.

ಅಕ್ಕೋರು ಕಾರು ಕೊಂಡು ಮೂರು ತಿಂಗಳೂ ಆಗಿರಲಿಲ್ಲ, ಮೊದಲ ತಕರಾರು ತಂದರು. ಗಂಜಿ ಹಾಕಿದ ಕಾಟನ್ ಸೀರೆ, ಬೆರಳ ಸಂದಿಯಲ್ಲಿ ಸೀಮೆಸುಣ್ಣದ ಪುಡಿ. ಉಳಿದವರು ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುವ ಕಡೆ ಅವರ ಕಾರಿನಲ್ಲಿ ಹೆಬ್ಬೆರಳ ಗಾತ್ರದ ಒಂದು ಬುದ್ಧ ಇದ್ದ. ನನ್ನೆದುರು ಕುಳಿತು ಪಾಠ ಹೇಳಿದಂತೆ ಹೇಳಿದರು:

“ಹ್ಯಾಂಡ್ ಬ್ರೇಕ್ ಎಳದ್ರ ಮೊದಲ ಛಲೋ ಹಿಡಿತೈತ್ರಿ. ಅರವತ್ತು ಎಣಸೂತನಾ ಹಿಡಿತೈತಿ. ಎಪ್ಪತ್ತಕ್ಕ ಬಿಡಾಕ ಸುರು ಮಾಡತೈತಿ.”

ಎಣಿಸಿ ತಕರಾರು ಹೇಳಿದ ಗಿರಾಕಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಮ್ಮ ದಸ್ತಗೀರ್ ಮಿಸ್ತ್ರಿ ಲಿವರ್ ಎಳೆದ, ಹಿಂದಿನಿಂದ ಇಬ್ಬರು ನೂಕಿದರು. ಗಾಡಿ ಜಪ್ಪಯ್ಯ ಅನ್ನಲಿಲ್ಲ. ಐದು ಎಣಿಸುವುದರಲ್ಲಿ ಪರೀಕ್ಷೆ ಮುಗಿಯಿತು. ನಾನು ಕಾರ್ಡಿನ ಕೆಳಗೆ ‘ಓಕೆ’ ಎಂದು ಬರೆದೆ. ಅಕ್ಕೋರು ಚಷ್ಮಾ ಹಾಕಿಕೊಂಡು ಕಾರ್ಡು ನೋಡಿದರು. ತಕರಾರು ಬರೆಯುವ ಅಂಕಣ ಖಾಲಿ ಇತ್ತು.

“ಇದು ಉತ್ತರ ಆತ್ರಿ. ಪ್ರಶ್ನೆ ಎಲ್ಲಿ ಬರದೀರಿ?”

ಆಮೇಲೆ ಬರೆಯುತ್ತೇನೆ ಎಂದೆ. ಹುಬ್ಬಳ್ಳಿಯ ಸಪಾಟು ನೆಲದ ಮೇಲೆ ನೋಡಿದರೆ ಗೊತ್ತಾಗುವುದಿಲ್ಲ, ನಮ್ಮ ಸಾಲಿ ಏರಿನ ಮೇಲಿದೆ, ಧಾರವಾಡಕ್ಕೆ ಬಂದು ನೋಡಿ ಎಂದರು. ಖರೇ ಮಾತು. ಹುಬ್ಬಳ್ಳಿಯಲ್ಲಿ ಗೋಲಿ ಬಿಟ್ಟರೂ ನಿಂತಲ್ಲೇ ನಿಲ್ಲುತ್ತದೆ, ಧಾರವಾಡದಲ್ಲಿ ಮನೆಯ ಅಂಗಳವೂ ಇಳಿಜಾರು. ಆದರೆ ನಮ್ಮ ಹುಬ್ಬಳ್ಳಿ ಮಂದಿಗೆ ಧಾರವಾಡದವರ ತಕರಾರು ಎಂದರೆ ಯಾವಾಗಲೂ ನಗೆಪಾಟಲು. ಯಾರೂ ಹೋಗಲಿಲ್ಲ.

ಅವರು ಹೋದ ಮೇಲೆ ಮಾಲಕರು ಕಾರ್ಡಿನ ಮೇಲಿನ ಹೆಸರು ಓದಿ, ಮೊದಲನೇ ಸಲ ಕಾರು ಕಂಡವರು, ಎಳೆಯಲು ಬರದೆ ಬ್ರೇಕಿನ ಮೇಲೆ ತಪ್ಪು ಹಾಕುತ್ತಾರೆ ಎಂದರು. ‘ಮೊದಲನೇ ಸಲ’ ಎನ್ನುವಾಗ ಅವರ ಬೆರಳು ಕಾಂಬಳೆ ಎಂಬ ಅಡ್ಡಹೆಸರಿನ ಮೇಲಿತ್ತು. ಬೆರಳು ತೋರಿಸಿದ್ದು ಜಾತಿಯನ್ನು ಎಂದು ನನಗೆ ಪೂರಾ ತಿಳಿದಿತ್ತು, ತಿಳಿದೇ ನಕ್ಕೆ. ಶಿರಗುಪ್ಪಿಯ ನಮ್ಮ ಮನೆಯಲ್ಲಿ ಆಗ ಒಂದು ಸೈಕಲ್ ಬಿಟ್ಟರೆ ಗಾಲಿ ಇದ್ದ ಸಾಮಾನು ಇನ್ನೊಂದಿರಲಿಲ್ಲ. ನಗಲು ನನಗೇನು ಹಕ್ಕಿತ್ತು?

ನಗು ಅಷ್ಟಕ್ಕೇ ನಿಲ್ಲಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಅಕ್ಕೋರಾಗುತ್ತಿದ್ದೆ. ಕರವಸ್ತ್ರವನ್ನು ಸೆರಗು ಮಾಡಿಕೊಂಡು, ಯಾವುದಾದರೂ ಗಾಡಿಯ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಎಣಿಸುತ್ತಿದ್ದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಒಂದು ದಿನ ಎಪ್ಪತ್ತಕ್ಕೆ ಬಂದಾಗ ನಗು ಥಟ್ಟನೆ ನಿಂತಿತು. ತಿರುಗಿ ನೋಡಿದರೆ ಅಕ್ಕೋರು, ಎರಡನೇ ತಕರಾರು ತಂದವರು.

“ಎಪ್ಪತ್ತಕ್ಕ ನಿಲ್ಲಿಸಿದ್ರಿ. ನೂರು ಮುಗಸ್ರಿ,” ಎಂದರು. ಸಿಟ್ಟಿಲ್ಲ, ಕೊಂಕಿಲ್ಲ. ಬೋರ್ಡಿನ ಮುಂದೆ ತಡವರಿಸಿದ ಹುಡುಗಿಗೆ ಹೇಳುವ ದನಿ. ನಾನು ನಾಚಿಕೆಯಿಂದ ಭೂಮಿಗೆ ಇಳಿದುಹೋದೆ.

ಆ ನಾಚಿಕೆಗೇ ಇರಬೇಕು, ಟೇಬಲ್ಲಿಗೆ ಬಂದು ಏನೇನೋ ಮಾತು ತೆಗೆದೆ. ಮಾತಿನಲ್ಲಿ ಮಾತು ಬಂದು, ನನ್ನ ತಂಗಿ ಸುಜಾತಾ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಪಾಸಾಗಿ ಮನೆಯಲ್ಲಿ ಕುಳಿತಿದ್ದಾಳೆ ಎಂದುಬಿಟ್ಟೆ. ಅಕ್ಕೋರು ಬ್ರೇಕಿನ ವಿಷಯ ಬಿಟ್ಟು ಅದನ್ನೇ ಹಿಡಿದರು. ಯಾವ ಲೆಕ್ಕ ತಪ್ಪುತ್ತಾಳೆ, ಎಷ್ಟು ಅಂಕ ಬಂತು, ಎಲ್ಲ ಕೇಳಿದರು. ರವಿವಾರ ಮನೆಗೆ ಕಳಿಸಲು ಹೇಳಿದರು.

ನಾಲ್ಕು ತಿಂಗಳು ಸುಜಾತಾ ಪ್ರತಿ ರವಿವಾರ ಬಸ್ಸು ಹತ್ತಿ ಧಾರವಾಡಕ್ಕೆ ಹೋದಳು. ಅಲ್ಲೇ ರೊಟ್ಟಿ ಉಣ್ಣುತ್ತಿದ್ದಳು. ಮೊದಲ ವಾರ ನನ್ನ ಅವ್ವ, ಅವರ ಮನೆಯಲ್ಲಿ ನೀರು ಕುಡಿದೆಯಾ ಎಂದು ಕೇಳಿದಳು. ಕುಡಿದೆ, ಚಹಾನೂ ಕುಡಿದೆ, ಬದನೆಕಾಯಿ ಎಣಗಾಯಿ ನಿನ್ನದಕ್ಕಿಂತ ಛಲೋ ಇತ್ತು ಎಂದು ಸುಜಾತಾ ಮುಖಕ್ಕೆ ಹೊಡೆದಂತೆ ಹೇಳಿದಳು. ಅವ್ವ ಮತ್ತೆ ಕೇಳಲಿಲ್ಲ. “ಬರೇ ಉತ್ತರ ಬ್ಯಾಡ, ಹೆಂಗ ಬಂತು ಅನ್ನೂದು ಬರಿ” ಎನ್ನುವುದು ಅಕ್ಕೋರ ಮಾತಂತೆ. ತಂಗಿ ಅದನ್ನು ಮನೆಯಲ್ಲಿ ಎಲ್ಲದಕ್ಕೂ ಆಡತೊಡಗಿದಳು. ಪಾಸಾದಳು. ಅಲ್ಲಿಂದ ಅಕ್ಕೋರು ನನ್ನನ್ನು ‘ತಮ್ಮಾ’ ಎಂದರು. ‘ನೀವು’ ಹೋಗಿ ‘ನೀ’ ಬಂತು.

ಆ ಹೊತ್ತಿಗೆ ನನಗೆ ನಿಜ ಗೊತ್ತಾಗಿತ್ತು. ಇನ್ನೊಂದು ಅಂಥದೇ ಗಾಡಿಯ ಹ್ಯಾಂಡ್ ಬ್ರೇಕ್ ಕೇಬಲ್ ಬಿಚ್ಚಿದ ದಸ್ತಗೀರ್ ಮಿಸ್ತ್ರಿ ನನ್ನನ್ನು ಕರೆದು ತೋರಿಸಿದ್ದ. ಗಾಡಿಯ ಕೆಳಗೆ ಬಾಗುವ ಜಾಗದಲ್ಲಿ ತಂತಿಯ ಎಳೆಗಳು ಒಂದೊಂದಾಗಿ ಹರಿದಿದ್ದವು. ಉಳಿದ ಎಳೆಗಳು ಭಾರಕ್ಕೆ ಮೆಲ್ಲಗೆ ಜಗ್ಗುತ್ತಿದ್ದವು. ಅದಕ್ಕೇ ಮೊದಲು ಹಿಡಿಯುವುದು, ಆಮೇಲೆ ಬಿಡುವುದು. ಅಕ್ಕೋರು ಬಾನೆಟ್ಟಿನ ಮೇಲೆ ಕೈಯಿಟ್ಟು ಕಂಡುಹಿಡಿದದ್ದು ಇದನ್ನೇ. ಮಾಲಕರಿಗೆ ಹೇಳಿದೆ. ಬ್ರೇಕಿನ ತಕರಾರು ಕಾರ್ಡಿನಲ್ಲಿ ಬಂದರೆ ಕಂಪನಿಯವರು ನೂರು ಪ್ರಶ್ನೆ ಕೇಳುತ್ತಾರೆ, ಬರೆಯಬೇಡ, ನಟ್ ಬಿಗಿ ಮಾಡಿ ಕಳಿಸು ಎಂದರು. ನಾನು ಹೂಂ ಎಂದೆ.

ಮೂರನೇ ಸಲ ಅಕ್ಕೋರು ಬಂದದ್ದು ಒಂದು ಶನಿವಾರ. ವರ್ಕ್‌ಶಾಪ್ ತುಂಬಿತ್ತು. ಕೇಬಲ್ ಬದಲಿಸದೆ ಕಳಿಸುವುದು ಸರಿಯಲ್ಲ ಎಂದು ಮಿಸ್ತ್ರಿ ಗೊಣಗಿದ. ಕೇಬಲ್ ಸ್ಟಾಕಿನಲ್ಲಿಲ್ಲ, ಸುಮ್ಮನೆ ಬಿಗಿ ಮಾಡು ಎಂದೆ. ಆಮೇಲೆ ಕೀಲಿಕೈ ಕೊಡುತ್ತ, ಯಾರೂ ಹೇಳೆಂದು ಹೇಳದ ಒಂದು ಮಾತು ನಾನೇ ಹೇಳಿದೆ.

“ಪೂರಾ ರಿಪೇರಿ ಆಗೇತ್ರಿ ಅಕ್ಕೋರ. ಇನ್ನ ಎಣಸೂದು ಬಿಡ್ರಿ.”

“ಖರೇನ ತಮ್ಮಾ?”

“ಖರೇರಿ.”

“ನೀ ಹೇಳಿದ ಮ್ಯಾಲ ಮುಗೀತು ಬಿಡು,” ಎಂದು ನಕ್ಕರು. ಅವರು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇಳಿಜಾರಿನಲ್ಲಿ ಗೇರಿನಲ್ಲಿ ಹಾಕಿ ನಿಲ್ಲಿಸಿ ಎಂದಾದರೂ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ.

ಹತ್ತು ಹನ್ನೆರಡು ದಿನಕ್ಕೆ ಸುದ್ದಿ ಬಂತು. ಅಕ್ಕೋರು ಸಾಲಿಯ ಮುಂದೆ ಕಾರು ನಿಲ್ಲಿಸಿ, ಬ್ರೇಕ್ ಎಳೆದು, ಎಣಿಸದೆ ಒಳಗೆ ಹೋಗಿದ್ದರು. ಕಾರು ತಾನಾಗಿ ಇಳಿದು, ಕೆಳಗೆ ಪೇರಲಹಣ್ಣು ಮಾರುತ್ತ ಕುಳಿತಿದ್ದ ಮುದುಕಿಯ ಕಾಲಿನ ಮೇಲೆ ಹಾಯ್ದಿತ್ತು. ಮುದುಕಿ ಬದುಕಿದಳು, ಕಾಲು ನೆಟ್ಟಗಾಗಲಿಲ್ಲ. ಇನ್ನು ಹತ್ತು ಹೆಜ್ಜೆ ಆಚೆ ಇಡೀ ಒಂದು ಕ್ಲಾಸಿನ ಹುಡುಗಿಯರು ಆಟಕ್ಕೆ ನಿಂತಿದ್ದರಂತೆ.

ಗಾಡಿಯನ್ನು ನಮ್ಮಲ್ಲಿಗೇ ಎಳೆದು ತಂದರು. ತಿಂಗಳಾನುಗಟ್ಟಲೆ ಸ್ಟಾಕಿನಲ್ಲಿಲ್ಲದ ಕೇಬಲ್ ಅಂದು ಸಂಜೆಗೇ ಬಂತು. ಮಾಲಕರು ಎದುರು ನಿಂತು ಹಾಕಿಸಿದರು. ಮರುದಿನ ಆರ್‌ಟಿಒ ಕಚೇರಿಯ ಬ್ರೇಕ್ ಇನ್‌ಸ್ಪೆಕ್ಟರು ಬಂದು ನೋಡಿದಾಗ ಬ್ರೇಕು ಗಟ್ಟಿಯಾಗಿತ್ತು. ಅಕ್ಕೋರೂ ಬಂದಿದ್ದರು. ಮೂರು ಸಲ ಹೇಳಿದ್ದೇನೆ, ಇವರ ಕಾರ್ಡು ತೆಗೆಸಿ ನೋಡಿ, ರಿಪೇರಿ ಆಗಿದೆ ಎಂದು ಈ ತಮ್ಮನೇ ಹೇಳಿದ್ದಾನೆ ಎಂದರು. ಮೂರೂ ಕಾರ್ಡು ತೆಗೆದರು. ತಕರಾರಿನ ಅಂಕಣ ಮೂರರಲ್ಲೂ ಖಾಲಿ. ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು.

“ಇಲ್ರಿ ಸಾಹೇಬ್ರ, ಅಂಥಾದ್ದೇನೂ ಹೇಳಿಲ್ರಿ,” ಎಂದೆ.

“ತಮ್ಮಾ, ಇನ್ನೊಮ್ಮೆ ವಿಚಾರ ಮಾಡಿ ಹೇಳು,” ಎಂದರು ಅಕ್ಕೋರು.

ನಾನು ಇನ್ನೊಮ್ಮೆಯೂ ಅದನ್ನೇ ಹೇಳಿದೆ. ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ. ನನ್ನ ತಂಗಿ ಉಂಡ ಮನೆಯ ಜಂತಿಯನ್ನು ನಾನು ಕಿತ್ತೇ ಬಿಟ್ಟೆ. ಅಕ್ಕೋರು ಸೆರಗು ಸರಿಮಾಡಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು.

ಆ ವರ್ಷ ಮುಖ್ಯೋಪಾಧ್ಯಾಯರ ಪಟ್ಟಿಯಲ್ಲಿ ಅವರ ಹೆಸರಿತ್ತು. ಬ್ರೇಕ್ ಹಾಕಲು ಮರೆತು ಒಬ್ಬರ ಕಾಲು ಮುರಿದವರು ಎಂದು ಕೇಸಾಯಿತು, ಇಲಾಖೆಯ ವಿಚಾರಣೆ ಸುರುವಾಯಿತು, ಪಟ್ಟಿಯಿಂದ ಹೆಸರು ಹೋಯಿತು. ಅವರು ಕಾರು ಮಾರಿದರು. ಮುದುಕಿಯ ಮನೆಗೆ ವಾರಕ್ಕೊಮ್ಮೆ ಹೋಗುತ್ತಿದ್ದರು ಎಂದು ಸುಜಾತಾ ಹೇಳುತ್ತಿದ್ದಳು. ಅವಳು ಅವರ ಮನೆಗೆ ಹೋಗುವುದನ್ನು ಬಿಡಲಿಲ್ಲ, ಅಕ್ಕೋರು ಅವಳ ಮುಂದೆ ನನ್ನ ಹೆಸರು ಎತ್ತಲಿಲ್ಲ. ಆ ದೊಡ್ಡತನ ನನ್ನನ್ನು ದಿನಾ ಚುಚ್ಚುತ್ತಿತ್ತು.

ಐದಾರು ವರ್ಷದ ಮೇಲೆ ಧಾರವಾಡದ ಬಸ್ಸಿನಲ್ಲಿ ಸಿಕ್ಕರು. ನಾನು ಆಗ ವರ್ಕ್‌ಶಾಪ್ ಬಿಟ್ಟು ಗೋಪನಕೊಪ್ಪದಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದೆ. ಅವರ ಪಕ್ಕದ ಸೀಟು ಖಾಲಿ ಇತ್ತು. ಕುಳಿತು, ಕೈ ಮುಗಿದು, ಎಲ್ಲವನ್ನೂ ಒದರಿದೆ: ಕೇಬಲ್ಲು, ಖಾಲಿ ಬಿಟ್ಟ ಅಂಕಣ, ನನ್ನ ಸುಳ್ಳು. ಅಳು ಬಂತು. ಅಕ್ಕೋರು ಕಿಟಕಿಯ ಕಡೆಯಿಂದ ಮುಖ ತಿರುಗಿಸಿ ನಿಧಾನವಾಗಿ ಹೇಳಿದರು:

“ನನಗ ಗೊತ್ತಿದ್ದದ್ದನ್ನ ನನಗ ಯಾಕ ಹೇಳ್ತೀರಿ? ಗೊತ್ತಿಲ್ಲದವ್ರಿಗೆ ಹೇಳ್ರಿ. ನಾ ರಿಟೈರ್ ಆಗಾಕ ಇನ್ನೂ ಎಂಟು ತಿಂಗಳೈತಿ.”

‘ನೀ’ ಹೋಗಿ ಮತ್ತೆ ‘ನೀವು’ ಬಂದಿತ್ತು. ಇಲಾಖೆಗೆ ಒಂದು ಕಾಗದ ಬರೆದುಕೊಡುತ್ತೇನೆ ಎಂದು ಮಾತು ಕೊಟ್ಟು ಇಳಿದೆ. ಬರೆಯಲು ಕುಳಿತೆ ಕೂಡ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನನ್ನ ಮೇಲೆಯೇ ಕೇಸಾದರೆ? ಅಂಗಡಿ, ಹೆಂಡತಿ, ಮಕ್ಕಳು? ಈ ವಾರ, ಮುಂದಿನ ವಾರ ಎನ್ನುತ್ತ ಎಂಟು ತಿಂಗಳು ಕಳೆದೆ. ಅವರು ಸಹಶಿಕ್ಷಕಿಯಾಗಿಯೇ ನಿವೃತ್ತರಾದರು. ಮೂರು ವರ್ಷಕ್ಕೆ ತೀರಿಕೊಂಡರು.

ಸಾಲಿಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಸುಜಾತಾ ಈಗ ತಾನೂ ಗಣಿತ ಕಲಿಸುತ್ತಾಳೆ. ನನ್ನನ್ನೂ ಎಳೆದುಕೊಂಡು ಹೋದಳು. ಮಾತಾಡಿದವರೊಬ್ಬರು, ಅದೊಂದು ದಿನ ಬ್ರೇಕ್ ಮರೆತದ್ದು ಬಿಟ್ಟರೆ ಕಾಂಬಳೆ ಅಕ್ಕೋರು ಜನ್ಮದಲ್ಲಿ ಒಂದು ತಪ್ಪು ಮಾಡಲಿಲ್ಲ ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ನಾನು ಮೂರನೇ ಸಾಲಿನಲ್ಲಿದ್ದೆ. ಎದ್ದು ನಿಲ್ಲಲಿಲ್ಲ.

ಸುಜಾತಾ ನನ್ನ ಕಿವಿಯ ಹತ್ತಿರ ಬಾಗಿ, “ಅಣ್ಣಾ, ಅಕ್ಕೋರು ಮರತಾರು ಅಂದ್ರ ನನಗ ಇವತ್ತಿಗೂ ನಂಬಿಕಿ ಬರೂದಿಲ್ಲ. ಕಾರು ನೋಡಿದ ವರ್ಕ್‌ಶಾಪಿನಾಗ ನೀ ಇದ್ದಿ. ಮರತಿದ್ರೇನು?” ಎಂದು ಕೇಳಿದಳು.

“ಮರತಿರಬೇಕವಾ,” ಎಂದೆ.

ಇದನ್ನೆಲ್ಲ ಬರೆದು ಮುಗಿಸಿದ್ದೇನೆ. ಮೊದಲು ಅವಳ ಕೈಗೇ ಕೊಡುತ್ತೇನೆ. ಓದಿದ ಮೇಲೆ ಅಣ್ಣಾ ಎನ್ನುತ್ತಾಳೋ ಇಲ್ಲವೋ ಗೊತ್ತಿಲ್ಲ. ಸುಜಾತಾ, ಅಕ್ಕೋರು ಮರೆತಿರಲಿಲ್ಲ. ಆ ದಿನ ಅವರು ಬ್ರೇಕ್ ಎಳೆದೇ ಒಳಗೆ ಹೋಗಿದ್ದರು. ನಾನು ಹೇಳಿದ್ದನ್ನು ನಂಬಿದ್ದರು, ಅಷ್ಟೇ.