ಮಗ್ಗ ನಿಂತ ದಿನದ ಗಿಟಾರ್

ನನ್ನ ಮೈದುನನ ಆಲ್ಬಮ್‌ನಲ್ಲಿ ಹಾಡುವವರು ಯಾರೂ ಇಲ್ಲ. ಬರೀ ಗಿಟಾರ್. "ಹಾಡೇ ಇಲ್ದಿದ್ಮೇಲೆ ಜನ ಏನ್ ಕೇಳ್ತಾರೋ?" ಎಂದು ನಮ್ಮತ್ತೆ ಕೇಳಿದ್ದಕ್ಕೆ ಅವನು, "ದೇವಸ್ಥಾನದಲ್ಲಿ ನಾದಸ್ವರ ಊದೋರು ಹಾಡ್ತಾರೇನಮ್ಮ?" ಎಂದ.

ಬೆಂಗಳೂರಿನ ರಾಕ್ ಬ್ಯಾಂಡ್ ಒಂದರಲ್ಲಿ ಅವನು ಬಹಳ ಕಾಲ ನುಡಿಸಿದ್ದ. ಅದನ್ನು ಬಿಟ್ಟು ಬಂದು, "ಇನ್ಮೇಲೆ ಜಾಜ್ ಫ್ಯೂಷನ್ ಅತ್ತಿಗೆ, ಜೊತೆಗೆ ಮರದ ಗಿಟಾರ್" ಎಂದ. ನನಗೆ ಅರ್ಥವಾಗಿದ್ದು ಇಷ್ಟು: ಕರೆಂಟಿನ ಗಿಟಾರ್ ವೈರಿನಲ್ಲಿ ನೇರ ಕಂಪ್ಯೂಟರಿಗೆ ಹೋಗುತ್ತದೆ, ಹೊರಗೆ ಎಷ್ಟು ಗಲಾಟೆ ಇದ್ದರೂ ಅಂಟುವುದಿಲ್ಲ. ಮರದ ಗಿಟಾರಿಗೆ ಮೈಕ್ ಇಡಬೇಕು. ಮೈಕಿಗೆ ಎಲ್ಲವೂ ಕೇಳಿಸುತ್ತದೆ.

ನಮ್ಮ ಮನೆಯಿರುವುದು ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ. ಮನೆಯ ಹಿಂದಿನ ಅರ್ಧದಲ್ಲಿ ನಮ್ಮ ಯಜಮಾನರ ವಿದ್ಯುತ್ ಮಗ್ಗ. ನಮ್ಮದು ನಿಂತರೆ ಪಕ್ಕದ ಮನೆಯದು ಓಡುತ್ತಿರುತ್ತದೆ. ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಲ್ಲುವುದು ಅಮಾವಾಸ್ಯೆಯ ದಿನ ಮಾತ್ರ.

ಆಲ್ಬಮ್‌ಗೆ ಇನ್ನೊಂದೇ ಪೀಸ್ ಬಾಕಿ ಇತ್ತು, ಮರದ ಗಿಟಾರಿನದು. "ಇದಕ್ಕೋಸ್ಕರಾನೇ ಬ್ಯಾಂಡ್ ಬಿಟ್ಟೆ ಅತ್ತಿಗೆ. ಇದೇ ಇಲ್ದಿದ್ರೆ ಆಲ್ಬಮ್ ಯಾಕೆ?" ಎನ್ನುತ್ತಿದ್ದ. ಮೈಕ್ ಗೆಳೆಯನದು, ಅಮಾವಾಸ್ಯೆಯ ಮರುದಿನವೇ ವಾಪಸ್ ಕೊಡಬೇಕು. ಹಾಗಾಗಿ ಬೀದಿ ಸುಮ್ಮನಿರುವ ಅಮಾವಾಸ್ಯೆ ದಿನವೇ ರೆಕಾರ್ಡ್ ಮಾಡುವುದೆಂದು ಹೊರಟ.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಅಮಾವಾಸ್ಯೆ ದಿನ ಹೊಸ ಕೆಲ್ಸ ಶುರು ಮಾಡೋ ಮನೆ ಅಲ್ಲ ಇದು."

ಅವನ ಮುಖ ಇಳಿಯಿತು. ನನಗೆ ಮಾತ್ರ ದಾರಿ ಕಾಣುತ್ತಿತ್ತು. "ಅತ್ತೆ, ಶುರು ಮಾಡೋದು ತಾನೇ ಬೇಡ? ಮಗ್ಗಕ್ಕೆ ಹೊಸ ಹಾಸಿನ ನೂಲು ಏರಿಸುವಾಗ ಒಳ್ಳೆ ದಿನ ನೋಡಿ ನಾಲ್ಕು ಎಳೆ ನೇಯ್ದು ಬಿಡಲ್ವಾ? ಮಿಕ್ಕಿದ್ದು ಆಮೇಲೆ. ಹಂಗೇ ಶುಕ್ರವಾರ ಶುರು ಮಾಡ್ಲಿ, ಅಮಾವಾಸ್ಯೆ ದಿನ ಮುಂದುವರ್ಸ್ಲಿ."

"ಅದಾದ್ರೆ ಸರಿ" ಎಂದರು ಅತ್ತೆ.

ಶುಕ್ರವಾರ ಪೂಜೆ ಮುಗಿಸಿ ಗಿಟಾರಿಗೆ ಅರಿಶಿನ ಕುಂಕುಮ ಇಟ್ಟೆ. "ತಂತಿಗೆ ಬೇಡ ಅತ್ತಿಗೆ, ತುಕ್ಕು ಹಿಡೀತದೆ!" ಎಂದು ಕಿರುಚಿದ. ದೇವರ ಮುಂದೆ ಮೈಕ್ ಇಟ್ಟುಕೊಂಡು ಪೀಸನ್ನು ಪೂರ್ತಿ ನುಡಿಸಿ ರೆಕಾರ್ಡ್ ಮಾಡಿದ. ಹಿಂದೆ ನಮ್ಮ ಮಗ್ಗ ಓಡುತ್ತಲೇ ಇತ್ತು. "ಇದು ಲೆಕ್ಕಕ್ಕಿಲ್ಲ, ಬರೀ ಶಾಸ್ತ್ರಕ್ಕೆ" ಎಂದು ಎದ್ದ.

ಅಮಾವಾಸ್ಯೆ ಬಂತು. ಬೀದಿ ತಣ್ಣಗಾಯಿತು. ಕುಕ್ಕರ್ ಕೂಗಬಾರದೆಂದು ನಾನು ಒಲೆ ಹಚ್ಚಲಿಲ್ಲ. ಅತ್ತೆ ಜಗಲಿಯಲ್ಲಿ ಕೂತು ಸೊಪ್ಪಿನವಳಿಗೆ ಕೈಸನ್ನೆಯಲ್ಲೇ "ಹೋಗು" ಎಂದರು. ಒಳಗೆ ಅವನು ನುಡಿಸಿದ, ನಿಲ್ಲಿಸಿದ. ಮತ್ತೆ ನುಡಿಸಿದ, ಮತ್ತೆ ನಿಲ್ಲಿಸಿದ. ಮಧ್ಯಾಹ್ನ ಮಜ್ಜಿಗೆ ಕೊಡಲು ಹೋದಾಗ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಸ್ವರ ಎಲ್ಲಾ ಸರಿಯಾಗೇ ಇದೆ ಅತ್ತಿಗೆ. ಆದ್ರೆ ಕೈ ಓಡ್ತಾ ಇಲ್ಲ. ಕಂಪ್ಯೂಟರಲ್ಲಿ ತಾಳಕ್ಕೆ ಟಿಕ್ ಟಿಕ್ ಹಾಕ್ಕೊಂಡೂ ನೋಡ್ದೆ. ಸತ್ತಂಗಿದೆ."

"ಶುಕ್ರವಾರ ಚೆನ್ನಾಗಿತ್ತಲ್ಲಪ್ಪ?"

"ಅದ್ರ ತುಂಬಾ ಮಗ್ಗದ ಸದ್ದು."

"ಅದಕ್ಕೇ ಚೆನ್ನಾಗಿತ್ತು ಕಣೋ. ಮಗ್ಗದ ಪಕ್ಕದಲ್ಲೇ ಕೂತು ನುಡಿಸೋದು ಕಲಿತೋನು ನೀನು. ಇವತ್ತು ಕಾಲಲ್ಲಿ ತಾಳ ಹುಡುಕ್ತಾ ಇದ್ದೀಯ. ಅವತ್ತು ನಿನ್ನ ಕಾಲು ಅಲ್ಲಾಡಲೇ ಇಲ್ಲ."

ಅವನು ದಡಬಡನೆ ಎದ್ದು, "ಅಣ್ಣ, ಒಂದ್ ಅರ್ಧ ಗಂಟೆ ಮಗ್ಗ ಹಾಕು" ಎಂದ. ಯಜಮಾನರು ಅಮ್ಮನ ಕಡೆ ನೋಡಿದರು.

"ಇವತ್ತು ಮಗ್ಗಕ್ಕೆ ಕೈ ಹಾಕಿದ್ರೆ ನೋಡು!" ಜಗಲಿಯಿಂದಲೇ ಬಂತು ಉತ್ತರ.

"ಮಗ್ಗ ಯಾಕೆ?" ಎಂದೆ ನಾನು. "ಶುಕ್ರವಾರದ್ದು ಕಂಪ್ಯೂಟರಲ್ಲಿ ಇದೆಯಲ್ಲ. ಅದನ್ನೇ ಕಿವಿಗೆ ಹಾಕ್ಕೋ."

ಅವನು ನಕ್ಕ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ. ನಮಗೆ ಕೇಳಿಸಿದ್ದು ಗಿಟಾರ್ ಒಂದೇ. ಮಗ್ಗ ಅವನ ಕಿವಿಯೊಳಗೆ ಓಡುತ್ತಿತ್ತು. ನಾನು ದೇವರ ಮನೆ ಹೊಸ್ತಿಲಲ್ಲಿ ಕೈ ಮುಗಿದುಕೊಂಡು ನಿಂತೆ. ಈ ಸಲ ಎಲ್ಲೂ ನಿಲ್ಲಿಸಲಿಲ್ಲ. ಕೊನೆಯ ತಂತಿಯ ನಾದ ಪೂರ್ತಿ ಇಂಗುವವರೆಗೂ ಕಾದು, ಹೆಡ್‌ಫೋನ್ ತೆಗೆದು, "ಅತ್ತಿಗೆ, ಕುಕ್ಕರ್ ಇಡಿ. ಹಸಿವಾಗ್ತಿದೆ" ಎಂದ.

ಬೀದಿ ನಾಯಿ ಬೊಗಳಲಿಲ್ಲ, ಕರೆಂಟ್ ಹೋಗಲಿಲ್ಲ, ಮೈಕ್ ಹೇಳಿದ ದಿನಕ್ಕೆ ವಾಪಸ್ ಹೋಯಿತು. ಒಂದು ಮನೆಗೆ ಒಂದೇ ದಿನ ಇಷ್ಟು ಕೊಟ್ಟ ದೇವರಿಗೆ ಸಂಜೆ ತುಪ್ಪದ ದೀಪ ಹಚ್ಚಿದೆ.

ಈಗ ಆಲ್ಬಮ್ ಎಲ್ಲರ ಫೋನಿನಲ್ಲೂ ಸಿಗುತ್ತದೆ. ಆ ಕೊನೆಯ ಪೀಸಿನ ಮೊದಲಿಗೆ ಶುಕ್ರವಾರದ ಮಗ್ಗವನ್ನೇ ಸ್ವಲ್ಪ ಉಳಿಸಿದ್ದಾನೆ. ಅದು ನಿಧಾನಕ್ಕೆ ಕರಗಿದ ಮೇಲೆ ಗಿಟಾರ್ ಒಂದೇ. ಅತ್ತೆ ಮನೆಗೆ ಬಂದವರಿಗೆಲ್ಲ, "ಒಳ್ಳೆ ದಿನ ನೋಡಿ ಶುರು ಮಾಡ್ಸಿದ್ದು ನಾನೇ" ಎಂದು ಹೇಳಿಯೇ ಫೋನ್ ಒತ್ತುತ್ತಾರೆ. ನಾನು ತಿದ್ದುವುದಿಲ್ಲ. ಆದರೆ ನಮ್ಮ ಬೀದಿಯಲ್ಲಿ ಅದನ್ನು ಸರಿಯಾಗಿ ಕೇಳಬೇಕೆಂದರೆ ಈಗಲೂ ಅಮಾವಾಸ್ಯೆ ಬರಬೇಕು.